ಊಟಕ್ಕೆ ತಕರಾರು ಮಾಡುವ ಕೊತ್ತಿಗೆ ಒದ್ದೆಯೂ ಇರಲಿ, ಒಣದೂ ಇರಲಿ

ಹಸುವಿಗೆ ಹಸಿರು ಮೇವು ಎಷ್ಟು, ಒಣಹುಲ್ಲು ಎಷ್ಟು, ಹಿಂಡಿ ಎಷ್ಟು ಅಂತ ನಾವೆಲ್ಲ ಲೆಕ್ಕ ಇಡುತ್ತೇವೆ. ಕೋಳಿಗೂ ಲೆಕ್ಕ ಇದೆ. ಆದರೆ ಭತ್ತದ ಮೂಟೆ ಕಾಯುವ ಕೊತ್ತಿಗೆ ಯಾವ ಲೆಕ್ಕವೂ ಇಲ್ಲ. ಉಳಿದ ಅನ್ನಕ್ಕೆ ಒಂದು ತೊಟ್ಟು ಹಾಲು ಬಿಟ್ಟು ಹಿತ್ತಿಲ ಚಿಪ್ಪಿಗೆ ಸುರಿದರೆ ಮುಗಿಯಿತು. ಅದು ಮೂಸಿ ನೋಡಿ ಬಾಲ ತಿರುಗಿಸಿ ಹೋದರೆ, “ಕೊಬ್ಬು ಬಂದದೆ, ಹಸಿದ್ರೆ ತಾನೇ ಇಲಿ ಹಿಡೀತದೆ ಬುಡಿ” ಅನ್ನುತ್ತೇವೆ. ಈ ಮಾತು ಎಷ್ಟು ಸರಿ ಅಂತ ನೋಡುವುದು ಈ ಬರಹದ ಉದ್ದೇಶ.

ನಮ್ಮದು ಕರಿಘಟ್ಟದ ತಪ್ಪಲು. ಲೋಕಪಾವನಿ ಕಾವೇರಿಗೆ ಸೇರುವ ಜಾಗ ಇಲ್ಲಿಗೆ ಹತ್ತಿರ. ನಾಲೆ ನೀರಿನಲ್ಲಿ ಭತ್ತ, ಕಬ್ಬು. ಅರ್ಧ ಎಕರೆ ಹಿಪ್ಪುನೇರಳೆ, ಒಂದು ಹುಳು ಮನೆ. ಭತ್ತ ಕೊಯ್ದು ಗದ್ದೆ ಬಯಲಾದ ಕೂಡಲೇ ಇಲಿಗಳು ಮನೆ ಕಡೆ ಬರುತ್ತವೆ. ಬಿತ್ತನೆ ಭತ್ತದ ಮೂಟೆಗೆ ತೂತು ಬಿದ್ದರೆ ನಷ್ಟ. ಹಣ್ಣಾಗುವ ಹೊತ್ತಿಗೆ ಹುಳುವಿಗೆ ಇಲಿ ಬಾಯಿ ಹಾಕಿದರೆ ಇನ್ನೂ ದೊಡ್ಡ ನಷ್ಟ. ಇಪ್ಪತ್ತೈದು ದಿನದ ದುಡಿಮೆ ಒಂದೆರಡು ರಾತ್ರಿಯಲ್ಲಿ ಹೋಗುತ್ತದೆ. ಹಾಗಾಗಿ ನಮ್ಮ ಮನೆಯಲ್ಲಿ ಮೂರು ಕೊತ್ತಿ ಇವೆ. ಮೂರಕ್ಕೂ ಮೂರು ಬಗೆಯ ನಾಲಿಗೆ!

ಹಸಿದ ಕೊತ್ತಿ ಹೆಚ್ಚು ಇಲಿ ಹಿಡಿಯುತ್ತದೆಯೇ?

ಕೊತ್ತಿಗೆ ಬೇಟೆ ಬೇರೆ, ಹಸಿವು ಬೇರೆ. ಆಡಾಮೆಕ್ ಎಂಬ ವಿಜ್ಞಾನಿ 1976ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇಷ್ಟದ ಊಟ ತಿನ್ನುತ್ತಿದ್ದ ಕೊತ್ತಿಗಳು ಹತ್ತಿರ ಇಲಿ ಕಂಡಾಗ ಊಟ ಬಿಟ್ಟು ಎದ್ದು ಇಲಿಯನ್ನು ಕೊಂದು, ಮತ್ತೆ ಬಂದು ಊಟ ಮುಂದುವರಿಸಿದವು. ಹೊಟ್ಟೆ ತುಂಬುವವರೆಗೆ ಕಾದು ಬೇಟೆಗೆ ಹೋಗುವ ಪ್ರಾಣಿ ಅದಲ್ಲ.

ಇಂಗ್ಲೆಂಡಿನ ಚಾರ್ಲ್ಸ್ ಎಲ್ಟನ್ 1953ರಲ್ಲಿ ಬರೆದದ್ದು ನಮ್ಮಂಥ ರೈತರಿಗೆ ಇನ್ನೂ ಹತ್ತಿರದ ವಿಷಯ. ಅಲ್ಲಿನ ಹೊಲಮನೆಗಳ ಕೊತ್ತಿಗಳನ್ನು ಗಮನಿಸಿ ಅವರು ಕಂಡುಕೊಂಡದ್ದು ಎರಡು ಸಂಗತಿ. ಇಲಿ ತುಂಬಿ ತುಳುಕುವ ಜಾಗವನ್ನು ಕೊತ್ತಿ ಒಂದರಿಂದಲೇ ಬರಿದು ಮಾಡಲು ಆಗದು. ಆದರೆ ಮೊದಲು ಇಲಿ ಕಳೆದು, ಆಮೇಲೆ ಕೊತ್ತಿಗೆ ಮನೆಯಲ್ಲೇ ಆಹಾರ ಕೊಟ್ಟು ಉಳಿಸಿಕೊಂಡರೆ, ಇಲಿ ಮತ್ತೆ ನೆಲೆಯೂರದಂತೆ ಅದು ಕಾಯುತ್ತದೆ. ಊಟ ಸಿಗದ ಕೊತ್ತಿ ಊರೆಲ್ಲ ಅಲೆಯುತ್ತದೆ. ಅಲೆಯುವ ಕೊತ್ತಿ ನಮ್ಮ ಮೂಟೆ ಹೇಗೆ ಕಾದೀತು?

ಇನ್ನೊಂದು ಮುಖವನ್ನೂ ಹೇಳಬೇಕು. ಎಕ್ಸೆಟರ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾಂಸದ ಸಸಾರಜನಕ ಹೆಚ್ಚಿದ್ದ ಆಹಾರ ತಿಂದ ಕೊತ್ತಿಗಳು ಮನೆಗೆ ತಂದ ಬೇಟೆ ಶೇಕಡಾ 36ರಷ್ಟು ಕಡಿಮೆಯಾಗಿತ್ತು. ಅಂದರೆ ಒಳ್ಳೇ ಊಟ ಬೇಟೆಯನ್ನು ಸ್ವಲ್ಪ ತಗ್ಗಿಸುತ್ತದೆ, ನಿಲ್ಲಿಸುವುದಿಲ್ಲ. ನಾನು ಹಿಡಿದ ದಾರಿ ಇವೆರಡರ ನಡುವಿನದು: ಮನೆ ಬಿಡದಷ್ಟು ಕೊಡಬೇಕು, ಮೈ ಬೆಳೆದು ಮಲಗುವಷ್ಟು ಕೊಡಬಾರದು.

ಬೆಲ್ಲದ ನಾಡಿನ ಕೊತ್ತಿಗೆ ಸಿಹಿಯೇ ತಿಳಿಯದು

ಕೊತ್ತಿ ಹುಟ್ಟಾ ಮಾಂಸಾಹಾರಿ. ನಾಯಿಯ ಹಾಗೆ ಮುದ್ದೆ, ಅನ್ನದಲ್ಲಿ ಕಾಲ ಹಾಕಲಾರದು. ಅದಕ್ಕೆ ಸಿಹಿ ರುಚಿಯೇ ತಿಳಿಯುವುದಿಲ್ಲ. ಸಿಹಿ ಗುರುತಿಸುವ ಒಂದು ವಂಶವಾಹಿ ಅದರಲ್ಲಿ ಕೆಟ್ಟುಹೋಗಿದೆ ಎಂದು 2005ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿದರು. ಆಲೆಮನೆ ಪಕ್ಕದಲ್ಲೇ ಹುಟ್ಟಿ ಬೆಳೆದ ಕೊತ್ತಿಯೂ ಬೆಲ್ಲದ ಅಚ್ಚನ್ನು ತಿರುಗಿ ನೋಡದಿರುವುದು ಇದಕ್ಕೇ.

ಟಾರಿನ್ ಎಂಬ ಒಂದು ಸತ್ವ ಇದೆ. ಮಾಂಸ, ಮೀನು, ಇಲಿಯ ಮೈಯಲ್ಲಿ ಇರುತ್ತದೆ, ಕಾಳು ಬೇಳೆಯಲ್ಲಿ ಇರುವುದಿಲ್ಲ. ಕೊತ್ತಿ ತನಗೆ ಬೇಕಾದಷ್ಟನ್ನು ತಾನೇ ಮಾಡಿಕೊಳ್ಳಲಾರದು. ಹಾಲಿನ ಸಸಾರಜನಕವನ್ನೇ ಆಧಾರವಾಗಿ ಕೊಟ್ಟ ಕೊತ್ತಿಗಳಿಗೆ ಟಾರಿನ್ ಸಾಲದೆ ಕಣ್ಣಿನ ಒಳಪದರ ಹಾಳಾಗುವುದು 1975ರಲ್ಲಿ ಗೊತ್ತಾಯಿತು. ಇದೇ ಕೊರತೆಯಿಂದ ಹೃದಯ ಸಡಿಲಾಗಿ ಸಾಯುವುದನ್ನು 1987ರಲ್ಲಿ ಕ್ಯಾಲಿಫೋರ್ನಿಯಾದ ಪಶುವೈದ್ಯರು ತೋರಿಸಿದರು. ಆಮೇಲೆ ಕಾರ್ಖಾನೆಯವರು ಕೊತ್ತಿ ಆಹಾರಕ್ಕೆ ಟಾರಿನ್ ಹೆಚ್ಚಿಗೆ ಸೇರಿಸತೊಡಗಿದರು. ಹಾಲು ಅನ್ನ ಮೂಸಿ ಹೋಗುವ ಕೊತ್ತಿ ಸೊಕ್ಕಿನದ್ದಲ್ಲ. ಅದರ ಮೈಗೆ ಬೇಕಾದದ್ದು ಆ ಚಿಪ್ಪಿನಲ್ಲಿಲ್ಲ. ದೊಡ್ಡದಾದ ಮೇಲೆ ಹಲವು ಕೊತ್ತಿಗಳಿಗೆ ಹಾಲು ಜೀರ್ಣವಾಗದೆ ಭೇದಿಯೂ ಆಗುತ್ತದೆ.

ಒದ್ದೆ ಊಟದ ಗುಣ, ಒಣ ಊಟದ ಗುಣ

ಒದ್ದೆ ಊಟ ಅಂದರೆ ಬೇಯಿಸಿದ ಮೀನು, ಕೋಳಿ, ಮೊಟ್ಟೆ, ಅಥವಾ ಅಂಗಡಿಯಲ್ಲಿ ಸಿಗುವ ಗ್ರೇವಿ ಪೊಟ್ಟಣ. ಒಣ ಊಟ ಅಂದರೆ ಚೀಲದಲ್ಲಿ ಬರುವ ಕಾಳುಕಾಳಾದ ತಿನಿಸು. ಇವೆರಡರ ದೊಡ್ಡ ವ್ಯತ್ಯಾಸ ನೀರು. ಒದ್ದೆಯಲ್ಲಿ ನೂರಕ್ಕೆ ಸುಮಾರು 75 ಪಾಲು ನೀರು, ಒಣದರಲ್ಲಿ ಸುಮಾರು 10 ಪಾಲು. ಇಲಿಯ ಮೈಯಲ್ಲೂ ಸುಮಾರು 70 ಪಾಲು ನೀರೇ.

ಕೊತ್ತಿಯ ಮೂಲ ಮರುಭೂಮಿ ಕಡೆಯ ಕಾಡುಬೆಕ್ಕು. ಬೇಟೆಯ ಮೈಯ ನೀರಿನಲ್ಲೇ ಬದುಕಿ ಬಂದ ಜಾತಿ. ಬಾಯಾರಿ ನೀರು ಹುಡುಕುವ ಅಭ್ಯಾಸ ಅದಕ್ಕೆ ಕಡಿಮೆ. ಮೂರು ಕೆ.ಜಿ. ತೂಕದ ಕೊತ್ತಿಗೆ ದಿನಕ್ಕೆ ಸುಮಾರು 150 ಮಿ.ಲೀ. ನೀರು ಬೇಕು. 50 ಗ್ರಾಂ ಒಣ ತಿನಿಸಿನಿಂದ ಸಿಗುವುದು 5 ಮಿ.ಲೀ. ಮಾತ್ರ. ಉಳಿದದ್ದನ್ನು ಅದು ಕುಡಿಯಬೇಕು. ಎಷ್ಟೋ ಕೊತ್ತಿಗಳು ಕುಡಿಯುವುದಿಲ್ಲ. ಆಗ ಮೂತ್ರ ಗಟ್ಟಿಯಾಗುತ್ತದೆ. ಗಂಡು ಕೊತ್ತಿಯ ಮೂತ್ರನಾಳ ಬಹಳ ಸಣ್ಣದು, ಕಟ್ಟಿಕೊಂಡರೆ ಎರಡು ಮೂರು ದಿನದಲ್ಲಿ ಜೀವ ಹೋಗುತ್ತದೆ. ನಮ್ಮ ಬೀದಿಯಲ್ಲೇ ಒಂದು ಗಂಡು ಹೀಗೆ ಸತ್ತಿತು. ಅದಕ್ಕೆ ವರ್ಷವಿಡೀ ಬರೀ ಒಣ ತಿನಿಸು. ಒಣದೊಂದೇ ಕಾರಣ ಅಂತ ಹೇಳಲಾಗದು, ಆದರೆ ನೀರು ಸಾಲದಿದ್ದರೆ ಈ ಅಪಾಯ ಹೆಚ್ಚುತ್ತದೆ. ಕೊತ್ತಿ ಪದೇ ಪದೇ ಕೂತು ಮುಕ್ಕಿದರೂ ಮೂತ್ರ ಬರದಿದ್ದರೆ “ಮಲಬದ್ಧತೆ ಇರಬೇಕು” ಅಂತ ಕಾಯಬೇಡಿ, ಅದೇ ದಿನ ಪಶು ಆಸ್ಪತ್ರೆಗೆ ಒಯ್ಯಿರಿ.

ಹಾಗಂತ ಒಣ ತಿನಿಸು ಕೆಟ್ಟದ್ದಲ್ಲ. ಕೆಡುವುದಿಲ್ಲ, ಅಳೆದು ಕೊಡಬಹುದು, ಟಾರಿನ್ ಸೇರಿರುತ್ತದೆ. ಕೊತ್ತಿ ದಿನಕ್ಕೆ ಹತ್ತು ಹದಿನೈದು ಸಲ ಚೂರು ಚೂರೇ ತಿನ್ನುವ ಪ್ರಾಣಿ; ನಾವು ಗದ್ದೆಗೆ ಹೋದಾಗ ಒಣದಿದ್ದರೆ ಅನುಕೂಲ. ನಮ್ಮ ಮನೆಯಲ್ಲಿ ಶ್ರಾವಣ ಮಾಸವಿಡೀ ಮಾಂಸ ಮೀನು ಬೇಯಿಸುವುದಿಲ್ಲ. ಆ ತಿಂಗಳು ಕೊತ್ತಿಯನ್ನು ಕಾಪಾಡುವುದು ಒಣ ತಿನಿಸೇ. ಅದಕ್ಕೆ ಉಗುರು ಬಿಸಿ ನೀರು ಹಾಕಿ ಹತ್ತು ನಿಮಿಷ ನೆನೆಸಿಟ್ಟರೆ ಒದ್ದೆ ಊಟವೂ ಆಯಿತು. ವರ್ಷವಿಡೀ ಮಾಂಸ ಬೇಯಿಸದ ಮನೆಗಳಿಗೂ ಇದೇ ದಾರಿ.

ನಾನು ಕೊಡುವ ಕ್ರಮ

ಮೂರು ಕೆ.ಜಿ. ತೂಗುವ ಒಂದು ಕೊತ್ತಿಗೆ ದಿನದ ಲೆಕ್ಕ ಇದು:

ಬೆಳಿಗ್ಗೆ: ಒಣ ತಿನಿಸು 25 ಗ್ರಾಂ. ಸಣ್ಣ ಲೋಟದಲ್ಲಿ ಒಂದು ಸಲ ತೂಗಿ ಗುರುತು ಹಾಕಿಟ್ಟರೆ ಸಾಕು. ತಟ್ಟೆಯನ್ನು ನೀರು ತುಂಬಿದ ಅಗಲ ತಟ್ಟೆಯ ನಡುವೆ ಇಟ್ಟರೆ ಇರುವೆ ಹತ್ತುವುದಿಲ್ಲ.

ಸಂಜೆ: ಬೇಯಿಸಿದ ಕೋಳಿ ಅಥವಾ ಮುಳ್ಳು ತೆಗೆದ ಮೀನು 50 ಗ್ರಾಂ, ಬೇಯಿಸಿದ ಅರ್ಧ ಮೊಟ್ಟೆ, ಬೇಯಿಸಿದ ನೀರು ನಾಲ್ಕು ಚಮಚ. ಬೇಕಾದರೆ ಕಲಸಲು ಒಂದು ಚಿಟಿಕೆ ಅನ್ನ. ಉಪ್ಪು, ಖಾರ ಇಲ್ಲ.

ಇದರಿಂದ ಸುಮಾರು 180 ಕ್ಯಾಲರಿ ಸಿಗುತ್ತದೆ. ಓಡಾಡುವ ಕೊತ್ತಿಗೆ ಇನ್ನೂ ಸ್ವಲ್ಪ ಬೇಕು. ಅದನ್ನು ಇಲಿ ತುಂಬುತ್ತದೆ. ಒಂದು ಚುಂಡಿಲಿ ಅಂದರೆ ಸುಮಾರು 30 ಕ್ಯಾಲರಿ. ಬೆನ್ನು ಸವರಿದಾಗ ಪಕ್ಕೆಲುಬು ಕೈಗೆ ಸಿಗಬೇಕು, ಕಣ್ಣಿಗೆ ಕಾಣಬಾರದು. ಮರಿ ಹಾಕಿದ ತಾಯಿಗೆ ಇದರ ಎರಡು ಪಾಲಾದರೂ ಬೇಕು.

ಒದ್ದೆ ಊಟ ಸಂಜೆಗೇ ಇಟ್ಟದ್ದಕ್ಕೆ ಕಾರಣ ಇದೆ. ಕರಿಘಟ್ಟದ ಸುತ್ತ, ಪಾಂಡವಪುರದ ಕಬ್ಬಿನ ಗದ್ದೆಗಳಲ್ಲಿ ಚಿರತೆ ಓಡಾಟ ಇದ್ದದ್ದೇ. ಕತ್ತಲಾಗುವ ಮುಂಚೆ ಮೀನಿನ ವಾಸನೆ ಎದ್ದರೆ ಮೂರೂ ಮನೆ ಸೇರುತ್ತವೆ. ಆಮೇಲೆ ಭತ್ತದ ಕೋಣೆಗೆ ಬಿಟ್ಟು ಬಾಗಿಲು ಹಾಕುತ್ತೇವೆ. ಕಾವಲೂ ಆಯಿತು, ಜೀವವೂ ಉಳಿಯಿತು. ಹುಳು ಮನೆಯೊಳಕ್ಕೆ ಮಾತ್ರ ಬಿಡುವುದಿಲ್ಲ, ಅದರ ಜಗಲಿಯಲ್ಲೇ ಅವುಗಳ ಕೆಲಸ.

ತಕರಾರು ಯಾಕೆ, ಉಪಾಯ ಏನು?

ಕೊತ್ತಿ ಮೂಗಿನಿಂದ ಊಟ ಮಾಡುತ್ತದೆ ಅಂದರೂ ತಪ್ಪಿಲ್ಲ. ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಮೀನಿಗೆ ವಾಸನೆ ಏಳುವುದಿಲ್ಲ. ಆಗ ಕೊಂದ ಇಲಿಯಷ್ಟು, ಅಂದರೆ ಉಗುರು ಬೆಚ್ಚಗೆ ಇದ್ದರೆ ಅದೇ ಮೀನನ್ನು ತಿನ್ನುತ್ತದೆ. ನೆಗಡಿಯಾಗಿ ಮೂಗು ಕಟ್ಟಿದರೆ ಯಾವುದನ್ನೂ ಮುಟ್ಟುವುದಿಲ್ಲ; ಹಸಿ ಬಟ್ಟೆಯಲ್ಲಿ ಮೂಗು ಒರೆಸಿ ಕೊಡಬೇಕು. ಸೋಪಿನ ವಾಸನೆಯ ತಟ್ಟೆ, ಹಿಂದಿನ ದಿನದ ಹುಳಿ ಬಂದ ಅಗುಳು, ಪಕ್ಕದಲ್ಲಿ ಗುರುಗುಟ್ಟುವ ನಾಯಿ, ಇವೂ ಕಾರಣಗಳೇ. ಮೂರು ಕೊತ್ತಿ ಇದ್ದರೆ ಮೂರು ತಟ್ಟೆ, ದೂರ ದೂರ ಇಡಬೇಕು. ಕುಡಿಯುವ ನೀರನ್ನು ಊಟದ ಪಕ್ಕ ಇಡದೆ ಎರಡು ಮೂರು ಕಡೆ ಅಗಲ ಬೋಗುಣಿಯಲ್ಲಿ ಇಟ್ಟರೆ ನಮ್ಮವು ಹೆಚ್ಚು ಕುಡಿಯುತ್ತವೆ.

ಹೊಸ ತಿನಿಸನ್ನು ಒಂದೇ ದಿನಕ್ಕೆ ಬದಲಿಸಬಾರದು. ಹಸುವಿಗೆ ಹೊಸ ಹಿಂಡಿ ರೂಢಿ ಮಾಡಿಸಿದ ಹಾಗೇ ಇದು. ಮೊದಲ ಮೂರು ದಿನ ಹಳೆಯದು ಮುಕ್ಕಾಲು, ಹೊಸದು ಕಾಲು. ಆಮೇಲೆ ಮೂರು ದಿನ ಅರ್ಧ ಅರ್ಧ. ಮತ್ತೆ ಮೂರು ದಿನ ಹಳೆಯದು ಕಾಲು. ಹತ್ತನೆಯ ದಿನಕ್ಕೆ ಒಗ್ಗುತ್ತದೆ. ಬರೀ ಮೀನಿಗೆ ಬಾಯಿ ಬಿಡುವ ಕೊತ್ತಿಗೆ ನಾಲ್ಕು ಕಾಳು ಒಣ ತಿನಿಸನ್ನು ಕುಟ್ಟಿ ಮೀನಿನ ಮೇಲೆ ಉದುರಿಸಿ. ಬರೀ ಒಣದಕ್ಕೆ ಅಂಟಿಕೊಂಡದ್ದಕ್ಕೆ, ಆ ಕಾಳುಗಳ ಮೇಲೆ ಒಂದು ಚಮಚ ಬೆಚ್ಚನೆಯ ಮೀನು ನೀರು ಬಿಡಿ. ದಿನ ದಿನಕ್ಕೆ ಹೆಚ್ಚಿಸಿ. ಎರಡನ್ನೂ ಕಲಸಿ ಕೊಟ್ಟರೆ ಒಂದು ನೆನಪಿರಲಿ: ನೆಂದ ತಿನಿಸು ಬೇಸಿಗೆಯಲ್ಲಿ ಬೇಗ ಕೆಡುತ್ತದೆ, ಒಂದು ಗಂಟೆಯಲ್ಲಿ ತಿನ್ನದಿದ್ದರೆ ತೆಗೆದುಬಿಡಿ.

“ಎರಡು ದಿನ ಉಪವಾಸ ಕೆಡವಿದ್ರೆ ಕಲ್ಲೂ ತಿಂತದೆ ಕಣಣ್ಣ” ಅನ್ನುವವರಿದ್ದಾರೆ. ಇದು ಅಪಾಯದ ಮಾತು. ಕೊತ್ತಿ ಎರಡು ಮೂರು ದಿನ ಏನೂ ತಿನ್ನದಿದ್ದರೆ, ಅದರಲ್ಲೂ ದಪ್ಪ ಕೊತ್ತಿಯಾದರೆ, ಮೈ ಕೊಬ್ಬೆಲ್ಲ ಈಲಿಗೆ ಸೇರಿ ಈಲಿ ಕೆಡುತ್ತದೆ. ಒಂದಿಡೀ ದಿನ ತಿನ್ನದಿದ್ದರೆ ಬಾಯಿ ತೆರೆಸಿ ಹಲ್ಲು, ನಾಲಿಗೆ ನೋಡಿ. ಹುಣ್ಣೋ ಚುಚ್ಚಿಕೊಂಡ ಮುಳ್ಳೋ ಇರಬಹುದು. ಎರಡನೆಯ ದಿನಕ್ಕೆ ವೈದ್ಯರಿಗೆ ತೋರಿಸಿ.

ತಕರಾರಿಗೆ ಎಲ್ಲಕ್ಕಿಂತ ಒಳ್ಳೆಯ ಮದ್ದು ಮರಿಯಲ್ಲೇ ರೂಢಿ ಮಾಡಿಸುವುದು. ಐದಾರು ವಾರದಿಂದಲೇ ಮೀನು, ಮೊಟ್ಟೆ, ಕೋಳಿ, ನೆನೆಸಿದ ಒಣ ತಿನಿಸು ಎಲ್ಲದರ ರುಚಿ ಹತ್ತಿಸಿದರೆ ದೊಡ್ಡದಾದ ಮೇಲೆ ಮೂತಿ ತಿರುಗಿಸುವುದು ಕಡಿಮೆ.

ಇವು ಬೇಡ

ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಕಲಸಿದ ಅನ್ನ ಕೊಡಬೇಡಿ. ಬೇಯಿಸಿದರೂ ಇವು ಕೊತ್ತಿಯ ರಕ್ತಕಣ ಒಡೆಯುತ್ತವೆ. ಬೇಯಿಸಿದ ಕೋಳಿ ಮೂಳೆ ಸೀಳಿ ಗಂಟಲಿಗೆ ಚುಚ್ಚುತ್ತದೆ. ಹಸಿ ಮೀನನ್ನೇ ದಿನವೂ ಕೊಟ್ಟರೆ ಬಿ-1 ಜೀವಸತ್ವ ನಾಶವಾಗುತ್ತದೆ. ಈಲಿ ವಾರಕ್ಕೊಮ್ಮೆ ಚೂರು ಸಾಕು. ಉಪ್ಪು ಹಾಕಿದ ಒಣಮೀನನ್ನು ನೆನೆಸಿ ತೊಳೆದು, ಅದೂ ಅಪರೂಪಕ್ಕೆ. ನಾಯಿಯ ಒಣ ತಿನಿಸು ಕೊತ್ತಿಗೆ ಸಾಲದು. ಜ್ವರ ಅಂತ ಪ್ಯಾರಾಸಿಟಮಾಲ್ ಮಾತ್ರೆ ಕೊಟ್ಟರೆ ಅರ್ಧ ಮಾತ್ರೆಗೂ ಸಾಯಬಹುದು.

ಇಲಿ ಪಾಷಾಣದ ಮಾತೂ ಇಲ್ಲಿ ಸೇರುತ್ತದೆ. ಬ್ರೊಮಾಡಿಯೋಲೋನ್ ಬಿಲ್ಲೆ ತಿಂದ ಇಲಿ ಸಾಯಲು ಕೆಲವು ದಿನ ಬೇಕು. ಅಷ್ಟರಲ್ಲಿ ತೂಕಡಿಸುತ್ತಾ ಓಡಾಡುವ ಆ ಇಲಿಯನ್ನು ಕೊತ್ತಿ ತಿಂದರೆ ಅದಕ್ಕೂ ವಿಷ ಏರುತ್ತದೆ. ಕೊತ್ತಿ ಇರುವ ಮನೆಯಲ್ಲಿ ಬೋನು, ಅಡಕತ್ತರಿ ಇಟ್ಟು ಮೊದಲು ಇಲಿ ಕಳೆಯಿರಿ, ಆಮೇಲಿನ ಕಾವಲು ಕೊತ್ತಿಗೆ ಬಿಡಿ. ದೊಡ್ಡ ಹೆಗ್ಗಣಕ್ಕೂ ಬೋನೇ ಗತಿ, ಅದರ ತಂಟೆಗೆ ಎಷ್ಟೋ ಕೊತ್ತಿಗಳು ಹೋಗುವುದಿಲ್ಲ.

ಖರ್ಚು ಎಷ್ಟು?

ಒಣ ತಿನಿಸು ಈಗ ಕೆ.ಜಿ.ಗೆ 300ರಿಂದ 400 ರೂಪಾಯಿ. ದಿನಕ್ಕೆ 25 ಗ್ರಾಂನಂತೆ ತಿಂಗಳಿಗೆ 750 ಗ್ರಾಂ, ಅಂದರೆ 225ರಿಂದ 300 ರೂಪಾಯಿ. ಗ್ರೇವಿ ಪೊಟ್ಟಣ ದುಬಾರಿ, ನಮಗೆ ಬೇಕಿಲ್ಲ. ಕೋಳಿ ಅಂಗಡಿಯಲ್ಲಿ ಗುಂಡಿಗೆ, ಕತ್ತಿನ ಮಾಂಸ ಕಡಿಮೆ ಬೆಲೆಗೆ ಸಿಗುತ್ತದೆ. ಗುಂಡಿಗೆಯಲ್ಲಿ ಟಾರಿನ್ ಹೇರಳ. ನಾಲೆಯಲ್ಲಿ ಗಾಳಕ್ಕೆ ಬೀಳುವ ಸಣ್ಣ ಜಿಲೇಬಿ ಮೀನಿಗೆ ಖರ್ಚೇ ಇಲ್ಲ. ಒಂದು ಮೂಟೆ ಬಿತ್ತನೆ ಭತ್ತ, ಒಂದು ಬೆಳೆ ಗೂಡು ಇವುಗಳ ಬೆಲೆ ಪಕ್ಕದಲ್ಲಿ ಇಟ್ಟು ನೋಡಿ, ಇದು ಖರ್ಚೋ ಕೂಲಿಯೋ ಅಂತ ನೀವೇ ತೀರ್ಮಾನಿಸಿ.

ಕೊತ್ತಿ ಸಾಕುವವರು ನಾಳೆಯಿಂದಲೇ ಒಂದು ಚೀಟಿಯಲ್ಲಿ ಬೆಳಿಗ್ಗೆ ಏನು, ಸಂಜೆ ಏನು, ಎಷ್ಟು ಬಿಟ್ಟಿತು ಅಂತ ಹದಿನೈದು ದಿನ ಬರೆದಿಡಿ. ನಿಮ್ಮ ಕೊತ್ತಿಯ ತಕರಾರು ಯಾವುದು ಅಂತ ಆ ಚೀಟಿಯೇ ಹೇಳುತ್ತದೆ. ಮನೆಯ ಸಾಮಾನಿನಲ್ಲೇ ಬೇರೆ ಉಪಾಯ ಕಂಡುಕೊಂಡವರು ಪತ್ರಿಕೆಗೆ ಬರೆದರೆ ನಮಗೂ ಕಲಿಯಲು ಆಗುತ್ತದೆ.