ಅಕ್ಕಿ ಬಂತು, ಪೌಷ್ಟಿಕತೆ ಎಲ್ಲಿ? ದಾಂಡೇಲಿ-ಜೊಯಿಡಾ ಸೀಮೆಗೆ ಎಂಥ ಆಹಾರ ಬ್ಯಾಂಕ್ ಬೇಕು

ಹಸಿವು ಅಂದ್ರೆ ಖಾಲಿ ಹೊಟ್ಟೆ ಅಂತಲೇ ನಮ್ಮ ಲೆಕ್ಕ. ಆದರೆ ದಿನವೂ ಅನ್ನ, ತಿಳಿಸಾರು ಉಂಡು ಹೊಟ್ಟೆ ತುಂಬಿಸಿಕೊಂಡ ಮಗುವಿನ ಮೈಗೂ ಹಸಿವಿರುತ್ತದೆ. ಅನ್ನಭಾಗ್ಯ ಶುರುವಾಗಿದ್ದು 2013ರಲ್ಲಿ. ಅದಾಗಿ ಆರು ವರ್ಷಗಳ ನಂತರ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರ ಪ್ರಕಾರ, ರಾಜ್ಯದಲ್ಲಿ ಐದು ವರ್ಷದೊಳಗಿನ ಶೇ 35ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಶೇ 65ರಷ್ಟು ಮಕ್ಕಳಿಗೆ ರಕ್ತಹೀನತೆ.

ಇದಕ್ಕೆ ಆಹಾರ ಬ್ಯಾಂಕ್ ಪರಿಹಾರವೇ? 1967ರಲ್ಲಿ ಅಮೆರಿಕದ ಫೀನಿಕ್ಸ್‌ನಲ್ಲಿ ಶುರುವಾದ ಈ ಮಾದರಿ ಸರಳ: ಅಂಗಡಿ, ಹೋಟೆಲುಗಳಲ್ಲಿ ಮಿಕ್ಕ ಆಹಾರ ಸಂಗ್ರಹಿಸಿ, ಇಲ್ಲದವರಿಗೆ ತಲುಪಿಸುವುದು. ದಾಂಡೇಲಿ ಪೇಟೆಯ ಸುತ್ತ ರೆಸಾರ್ಟುಗಳಿವೆ, ಅಲ್ಲಿ ಊಟ ಮಿಕ್ಕೀತು. ಆದರೆ ಜೊಯಿಡಾ ತಾಲ್ಲೂಕಿನ ಜನಸಂಖ್ಯೆ ಸುಮಾರು ಅರ್ಧ ಲಕ್ಷ ಮಾತ್ರ. ಅದೂ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗೆ, ಅಂಚಿನಲ್ಲಿ ಚದುರಿದ ಮನೆಗಳು. ಬೇಯಿಸಿದ ಅನ್ನ ಅಲ್ಲಿಗೆ ಮುಟ್ಟುವಷ್ಟರಲ್ಲಿ ಹಳಸಿರುತ್ತದೆ. ಅಂದರೆ ಇಲ್ಲಿಗೆ ಬೇಕಾದದ್ದು ಕೆಡದ ಕಾಳುಕಡಿ. ಅದೂ ಮಳೆ ಹಿಡಿಯುವ ಮುಂಚೆ ಊರು ಸೇರಿರಬೇಕು.

ಇಂಥ ಒಂದು ವ್ಯವಸ್ಥೆ ಈಗಾಗಲೇ ಅರ್ಧ ಇದೆ. ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಕುಟುಂಬಗಳಿಗೆ ಸರ್ಕಾರ ಪೌಷ್ಟಿಕ ಆಹಾರದ ಕಿಟ್ ಕೊಡುತ್ತದೆ. ಅದರಲ್ಲಿ ಬೇಳೆಕಾಳು, ಎಣ್ಣೆ, ಬೆಲ್ಲ, ಮೊಟ್ಟೆ ಇರುತ್ತವೆ. ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. ಅದೇ ಕಾಡಿನಲ್ಲಿ ಬದುಕುವ ಕುಣಬಿ, ಗೌಳಿ ಸಮುದಾಯಗಳು ಆ ಮಾನ್ಯತೆಗಾಗಿ ವರ್ಷಗಳಿಂದ ಕೇಳುತ್ತಲೇ ಇವೆ. ಹಾಗಾಗಿ ಅವರ ಮನೆಗೆ ಕಿಟ್ ಇಲ್ಲ. ಮಗುವಿನ ರಕ್ತಹೀನತೆಗೆ ಜಾತಿ ಪ್ರಮಾಣಪತ್ರ ಗೊತ್ತಾಗುತ್ತದೆಯೇ?

ಹಾಗಂತ ಈ ಜನ ಕೈಚಾಚಿ ಕೂತವರಲ್ಲ. ಜೊಯಿಡಾದ ಕುಣಬಿಗಳು ಬೆಳೆಯುವ ಗೆಡ್ಡೆ-ಗೆಣಸುಗಳ ವೈವಿಧ್ಯ ನೋಡಲು ಅಲ್ಲಿನ ಗೆಡ್ಡೆ-ಗೆಣಸು ಮೇಳಕ್ಕೆ ದೂರದಿಂದ ಜನ ಬರುತ್ತಾರೆ. ಗೌಳಿಗರ ಮನೆಯಲ್ಲಿ ಎಮ್ಮೆ ಹಾಲಿದೆ. ಆದರೆ ದುಡ್ಡಿನ ಅಡಚಣೆಯಿದ್ದ ಮನೆಯಲ್ಲಿ ಒಳ್ಳೆಯದು ಮೊದಲು ಸಂತೆಗೆ ಹೋಗುತ್ತದೆ. ಇನ್ನೊಂದು ಮಾತು: ಗೆಡ್ಡೆಯಲ್ಲಿ ನಾರು ಇದೆ, ಪಿಷ್ಟ ಇದೆ, ಆದರೆ ಬೇಳೆ, ಮೊಟ್ಟೆಯಷ್ಟು ಪ್ರೋಟೀನ್ ಇಲ್ಲ. ಗೆಡ್ಡೆ ಇದೆಯಲ್ಲ ಅಂತ ಬೇಳೆ ಬಿಡುವಂತಿಲ್ಲ.

ದಾರಿ ಕಾಣುತ್ತಿದೆ. 2024ರ ಸೆಪ್ಟೆಂಬರ್‌ನಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ಸರ್ಕಾರಿ ಶಾಲೆಗಳಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಸಿಗುತ್ತಿದೆ. 2025ರ ಅಕ್ಟೋಬರ್‌ನಲ್ಲಿ ಸಚಿವ ಸಂಪುಟವು ಹೆಚ್ಚುವರಿ 5 ಕೆ.ಜಿ. ಅಕ್ಕಿಯ ಬದಲು ಬೇಳೆ, ಎಣ್ಣೆ ಇರುವ ಇಂದಿರಾ ಕಿಟ್ ಕೊಡಲು ತೀರ್ಮಾನಿಸಿತು. ಅಕ್ಕಿಯೊಂದೇ ಸಾಲದು ಎಂಬುದು ಸರ್ಕಾರಕ್ಕೂ ಅರ್ಥವಾಗಿದೆ.

ಇನ್ನು ಉಳಿದದ್ದು ಶಾಲೆಗೆ ಹೋಗದ ಪುಟ್ಟ ಮಕ್ಕಳು, ಬಸುರಿ-ಬಾಣಂತಿಯರು. ಅವರ ತೂಕ, ಎತ್ತರದ ಲೆಕ್ಕ ಅಂಗನವಾಡಿಯಲ್ಲೇ ಇದೆ. ಆ ಲೆಕ್ಕವನ್ನೇ ಪೌಷ್ಟಿಕ ಕಿಟ್‌ಗೆ ಅರ್ಹತೆ ಮಾಡಲಿ. ಮೇ ತಿಂಗಳೊಳಗೆ ಬೇಳೆ, ಶೇಂಗಾ ಪಂಚಾಯಿತಿ ಗೋದಾಮು ಸೇರಲಿ. ಗೆಡ್ಡೆ-ಗೆಣಸನ್ನು ಸ್ಥಳೀಯ ರೈತರಿಂದಲೇ ಕೊಂಡು ಬಿಸಿಯೂಟಕ್ಕೆ ಹಾಕಲಿ. ಹಳ್ಳ ತುಂಬಿದ ಮೇಲೆ ಕಿಟ್ ಹೊತ್ತ ಗಾಡಿ ಹೊರಟರೆ ಯಾರಿಗೆ ಪ್ರಯೋಜನ?