ಈಮ್ ಗ್ರಾಮದ ಕಲ್ಲುಗಳು

ಇಂಗ್ಲೆಂಡಿನಲ್ಲಿ ಒಂದು ಚರ್ಚಿಗೂ ಅದರ ಪಾದ್ರಿಗೂ ಒಳಪಟ್ಟ ಊರು, ಹೊಲ, ಗುಡ್ಡಗಳ ಎಲ್ಲೆಯನ್ನು ‘ಪ್ಯಾರಿಷ್’ ಎಂದು ಕರೆಯುತ್ತಾರೆ. ಆ ಎಲ್ಲೆಯೊಳಗಿನ ಜನರ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಚರ್ಚಿನ ದಫ್ತರದಲ್ಲಿ ಬರೆದಿಡಬೇಕೆಂಬ ಆಜ್ಞೆ 1538ರಲ್ಲಿಯೇ ಹೊರಟಿತು. ಆದುದರಿಂದ ಹಳೆಯ ಚರ್ಚೊಂದರ ಸುತ್ತ ನಡೆದಾಡುವುದೆಂದರೆ ಆ ಊರಿನ ಚರಿತ್ರೆಯನ್ನು ಓದಿದಂತೆಯೇ ಸರಿ. ಹೀಗೆ ಓದಬೇಕಾದ ಊರುಗಳಲ್ಲಿ ಡರ್ಬಿಷೈರ್ ಪ್ರಾಂತದ ಈಮ್ ಒಂದು.

ಬೆಟ್ಟದ ಮಗ್ಗುಲಲ್ಲಿರುವ ಈ ಚಿಕ್ಕ ಹಳ್ಳಿಯ ನಡುವೆ ಸಂತ ಲಾರೆನ್ಸನ ಚರ್ಚು ನಿಂತಿದೆ. ಅದರ ಅಂಗಳದಲ್ಲಿರುವ ಕೆತ್ತನೆಯ ಕಲ್ಲಿನ ಶಿಲುಬೆಗೆ ಸಾವಿರ ವರ್ಷಕ್ಕೂ ಮಿಕ್ಕ ವಯಸ್ಸು. ಅದರ ಕಂಬದ ಒಂದು ಭಾಗ ಈಗ ಇಲ್ಲವಾಗಿದೆ. ಚರ್ಚಿನ ಗೋಡೆಯ ಮೇಲೆ 1775ರಲ್ಲಿ ರಚಿಸಿದ ನೆರಳುಗಡಿಯಾರವಿದೆ. ಆದರೆ ಈ ಊರಿನ ಹೆಸರನ್ನು ಲೋಕಕ್ಕೆಲ್ಲ ತಿಳಿಸಿದ ಗುರುತುಗಳು ಇವಲ್ಲ. ಅವು ಇದಕ್ಕಿಂತಲೂ ಸಾಮಾನ್ಯವಾದ ಕೆಲವು ಕಲ್ಲುಗಳು.

1665ರಲ್ಲಿ ಲಂಡನ್ ನಗರವನ್ನು ಪ್ಲೇಗು ಮುತ್ತಿತ್ತು. ಆ ವರ್ಷ ಬೇಸಗೆಯ ಕೊನೆಯಲ್ಲಿ ಅಲ್ಲಿಂದ ಈಮ್‌ನ ದರ್ಜಿಯೊಬ್ಬನ ಮನೆಗೆ ಬಟ್ಟೆಯ ಗಂಟೊಂದು ಬಂದಿತು. ಅದರೊಡನೆ ರೋಗವೂ ಬಂದಿತೆಂದು ಪರಂಪರೆಯಿಂದ ಹೇಳುತ್ತಾರೆ. ಸೆಪ್ಟೆಂಬರಿನಲ್ಲಿ ಆ ಮನೆಯಲ್ಲಿ ಕೆಲಸಕ್ಕಿದ್ದ ಜಾರ್ಜ್ ವಿಕರ್ಸ್ ಎಂಬುವನು ತೀರಿಕೊಂಡನು. ಬಳಿಕ ನೆರೆಮನೆಗಳಲ್ಲಿಯೂ ಸಾವು ಕಾಣಿಸಿಕೊಂಡಿತು. ಚಳಿಗಾಲದಲ್ಲಿ ತುಸು ತಗ್ಗಿದ ರೋಗವು ಮರುವರ್ಷದ ಬೇಸಗೆಯಲ್ಲಿ ಮತ್ತೆ ತಲೆಯೆತ್ತಿತು.

ಆಗ ಊರಿನ ಪಾದ್ರಿಯಾಗಿದ್ದವನು ವಿಲಿಯಂ ಮಾಂಪೆಸನ್. ಅವನಿನ್ನೂ ತರುಣ, ಊರಿಗೆ ಹೊಸಬ. ಹಿಂದೆ ಪಾದ್ರಿಯಾಗಿದ್ದ ತಾಮಸ್ ಸ್ಟ್ಯಾನ್ಲಿಯು ಧಾರ್ಮಿಕ ಮತಭೇದದಿಂದ ಪದವಿಯನ್ನು ಕಳೆದುಕೊಂಡಿದ್ದನು. ಆದರೂ ಜನರಿಗೆ ಅವನಲ್ಲಿಯೇ ಹೆಚ್ಚು ವಿಶ್ವಾಸ. ವಿರೋಧಿ ಪಕ್ಷಗಳಿಗೆ ಸೇರಿದ ಇವರಿಬ್ಬರೂ ಆ ಸಂಕಟದಲ್ಲಿ ಒಂದಾದರು. 1666ರ ಜೂನ್ ತಿಂಗಳಲ್ಲಿ ಊರವರ ಮುಂದೆ ಮೂರು ಕಟ್ಟಳೆಗಳನ್ನಿಟ್ಟರು: ಸತ್ತವರನ್ನು ಅವರವರ ಮನೆಯವರೇ ಹೂಳಬೇಕು, ಚರ್ಚಿನ ಬಾಗಿಲು ಮುಚ್ಚಿ ಬಯಲಿನಲ್ಲಿ ಪ್ರಾರ್ಥನೆ ನಡೆಸಬೇಕು, ರೋಗವು ನೆರೆಯ ಊರುಗಳಿಗೆ ಹರಡದಂತೆ ಯಾರೂ ಎಲ್ಲೆಯನ್ನು ದಾಟಬಾರದು. ಅನುಕೂಲವಿದ್ದ ಕೆಲವರು ಅದಕ್ಕೆ ಮೊದಲೇ ಊರು ಬಿಟ್ಟಿದ್ದರು. ಮಾಂಪೆಸನ್ನನೂ ತನ್ನ ಮಕ್ಕಳನ್ನು ದೂರಕ್ಕೆ ಕಳುಹಿಸಿದ್ದನು. ಉಳಿದವರಲ್ಲಿ ಹೆಚ್ಚಿನವರು ಒಕ್ಕಲುಮಕ್ಕಳು, ಸೀಸದ ಗಣಿಯ ಕೆಲಸಗಾರರು. ಅವರು ಈ ಕಟ್ಟಳೆಗಳಿಗೆ ಒಪ್ಪಿದರು.

ಆ ಒಪ್ಪಿಗೆಯ ಸಾಕ್ಷಿಗಳು ಊರ ಸುತ್ತ ಇಂದಿಗೂ ಇವೆ. ಸ್ಟೋನಿ ಮಿಡಲ್‌ಟನ್ ಎಂಬ ನೆರೆಯ ಊರಿಗೆ ಹೋಗುವ ಹಾದಿಯಲ್ಲಿ ಕುಳಿಗಳಿರುವ ಒಂದು ಬಂಡೆಯಿದೆ. ಹೊರಗಿನವರು ಅಲ್ಲಿ ಆಹಾರವನ್ನಿಟ್ಟು ಹಿಂದಿರುಗುತ್ತಿದ್ದರು. ಈಮ್‌ನವರು ಅದರ ಬೆಲೆಯ ನಾಣ್ಯಗಳನ್ನು ವಿನಿಗರ್ ತುಂಬಿದ ಕುಳಿಗಳಲ್ಲಿ ಹಾಕುತ್ತಿದ್ದರು. ವಿನಿಗರ್ ರೋಗದ ವಿಷವನ್ನು ತೊಳೆಯುವುದೆಂದು ಅಂದಿನವರ ನಂಬಿಕೆ. ಬೆಟ್ಟದ ಮೇಲಿರುವ ‘ಮಾಂಪೆಸನ್ನನ ಬಾವಿ’ಯ ಬಳಿಯೂ ಹೀಗೆಯೇ ಸಾಮಾನುಗಳನ್ನು ಇರಿಸುತ್ತಿದ್ದರು. ಚ್ಯಾಟ್ಸ್‌ವರ್ತ್ ಅರಮನೆಯ ಪ್ರಭುವೂ ನೆರವು ಕಳುಹಿಸಿದನು. ಪ್ರಾರ್ಥನೆ ನಡೆದುದು ಊರ ಹೊರಗಿನ ಕಕ್ಲೆಟ್ ಡೆಲ್ಫ್ ಎಂಬ ಹಸುರು ಕಣಿವೆಯಲ್ಲಿ. ಅಲ್ಲಿ ಒಬ್ಬರಿಂದ ಒಬ್ಬರು ದೂರ ನಿಂತು ಪ್ರಾರ್ಥಿಸುತ್ತಿದ್ದರು.

ಹಳ್ಳಿಯ ಪೂರ್ವಕ್ಕೆ ಹೊಲದ ನಡುವೆ ಗೋಡೆ ಸುತ್ತಿದ ‘ರೈಲಿ ಸಮಾಧಿ’ಗಳಿವೆ. 1666ರ ಆಗಸ್ಟಿನಲ್ಲಿ ಎಲಿಜಬೆತ್ ಹ್ಯಾನ್‌ಕಾಕ್ ಎಂಬ ತಾಯಿ ಎಂಟು ದಿನಗಳೊಳಗೆ ತನ್ನ ಗಂಡನನ್ನೂ ಆರು ಮಂದಿ ಮಕ್ಕಳನ್ನೂ ಕಳೆದುಕೊಂಡಳು. ಅವರೆಲ್ಲರನ್ನೂ ಆಕೆಯೇ ಮಣ್ಣುಮಾಡಿದಳು. ಅದೇ ತಿಂಗಳು ಮಾಂಪೆಸನ್ನನ ಹೆಂಡತಿ ಕ್ಯಾಥರೀನಳೂ ಮಡಿದಳು. ರೋಗಿಗಳ ಆರೈಕೆಗಾಗಿ ಗಂಡನೊಡನೆ ನಿಂತ ಆಕೆಯ ಗೋರಿ ಚರ್ಚಿನ ಅಂಗಳದಲ್ಲಿದೆ.

ನವೆಂಬರ್ ತಿಂಗಳಲ್ಲಿ ರೋಗ ನಿಂತಿತು. ಹದಿನಾಲ್ಕು ತಿಂಗಳುಗಳಲ್ಲಿ ಸತ್ತವರು ಸುಮಾರು 260 ಮಂದಿ. ಊರಿನ ಜನಸಂಖ್ಯೆ 350 ಎಂದು ಹಿಂದಿನವರು ಬರೆದಿದ್ದಾರೆ. ಅದಕ್ಕಿಂತ ಬಹಳ ಹೆಚ್ಚಿದ್ದಿರಬೇಕೆಂದು ಈಚಿನ ಸಂಶೋಧಕರ ಅಭಿಪ್ರಾಯ. ಹೇಗೆ ಎಣಿಸಿದರೂ ನಷ್ಟ ಘೋರವಾದುದೇ. ಆದರೆ ಸುತ್ತಣ ಹಳ್ಳಿಗಳಿಗೆ ಈಮ್‌ನಿಂದ ರೋಗ ಹಬ್ಬಲಿಲ್ಲ.

ಪ್ಲೇಗಿನ ರೋಗಾಣುವನ್ನು ಯೆರ್ಸಿನ್ ಎಂಬ ವಿಜ್ಞಾನಿ ಗುರುತಿಸಿದುದು 1894ರಲ್ಲಿ. ಇಲಿಗಳ ಮೈಮೇಲಿನ ಚಿಗಟಗಳು ಅದನ್ನು ಸಾಗಿಸುತ್ತವೆಂಬ ಅಂಶವು 1898ರಲ್ಲಿ ತಿಳಿದುಬಂದಿತು. ಈಮ್‌ನವರಿಗೆ ಇದಾವುದೂ ಗೊತ್ತಿರಲಿಲ್ಲ. ಒಂದೇ ಎಡೆಯಲ್ಲಿ ಉಳಿದುದರಿಂದ ಅವರ ಸಾವುಗಳೇ ಹೆಚ್ಚಿದವೇನೋ ಎಂದು ಕೆಲವು ವಿದ್ವಾಂಸರು ಕೇಳುತ್ತಾರೆ. ಈ ಪ್ರಶ್ನೆ ನ್ಯಾಯವಾದುದೇ. ಆದರೆ ತಾವು ಓಡಿಹೋದರೆ ಕಾಣದ ಊರಿನ ಯಾರೋ ಸಾಯಬಹುದೆಂಬಷ್ಟು ಅವರಿಗೆ ತಿಳಿದಿತ್ತು. ಅಷ್ಟರಿಂದಲೇ ಅವರು ನಿಂತರು.

ಪ್ರತಿವರ್ಷ ಆಗಸ್ಟ್ ತಿಂಗಳ ಕೊನೆಯ ಭಾನುವಾರ ಆ ಕಣಿವೆಯಲ್ಲಿ ಜನ ಸೇರಿ ಸ್ಮರಣೆಯ ಪ್ರಾರ್ಥನೆ ಸಲ್ಲಿಸುವ ಪದ್ಧತಿ ಬೆಳೆದುಬಂದಿದೆ. ಕುಳಿಬಿದ್ದ ಬಂಡೆ, ಹೊಲದ ನಡುವಿನ ಸಮಾಧಿ, ದಫ್ತರದ ಹೆಸರುಗಳ ಸಾಲು ಇವುಗಳಲ್ಲಿ ಅರಮನೆಯ ವೈಭವವಾಗಲಿ ಶಿಲ್ಪದ ಸೊಬಗಾಗಲಿ ಇಲ್ಲ. ಅವುಗಳನ್ನು ಕಾಪಾಡದೆ ಹೋಗಿದ್ದರೆ ಎಲಿಜಬೆತ್ ಹ್ಯಾನ್‌ಕಾಕಳಂತಹ ಒಬ್ಬ ಹಳ್ಳಿಯ ಹೆಂಗಸಿನ ಹೆಸರು ಮೂರು ನೂರು ವರ್ಷಗಳನ್ನು ದಾಟಿ ನಮ್ಮವರೆಗೆ ಬರುತ್ತಿರಲಿಲ್ಲ.