ಹಳೆಯ ಡೆಸ್ಕ್‌ಟಾಪಿಗೆ ಹೊಸ ವಿಂಡೋಸ್: ತಪ್ಪು ಕಲ್ಪನೆ ಮತ್ತು ಸತ್ಯ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಬೆಂಬಲ ಮುಗಿದರೆ ಕಂಪ್ಯೂಟರ್ ಕೆಲಸ ಮಾಡುವುದಿಲ್ಲ, ಹೊಸದನ್ನೇ ಕೊಳ್ಳಬೇಕು ಎಂಬುದು ಹಲವರ ನಂಬಿಕೆ. ಆದರೆ ಯಂತ್ರ ಎಂದಿನಂತೆ ಆನ್ ಆಗುತ್ತದೆ. ಟೈಪಿಂಗ್, ಪ್ರಿಂಟಿಂಗ್, ಲೆಕ್ಕಪತ್ರ ಎಲ್ಲವೂ ನಡೆಯುತ್ತವೆ. ಮುಖ್ಯವಾಗಿ ನಿಂತದ್ದು ಪ್ರತಿ ತಿಂಗಳು ತಾನಾಗಿ ಬರುತ್ತಿದ್ದ ಭದ್ರತಾ ಅಪ್‌ಡೇಟ್. ಮನೆಬಳಕೆದಾರರಿಗೆ ಅದನ್ನು 2026ರ ಅಕ್ಟೋಬರ್ 13ರವರೆಗೆ ಕೊಡುವ ಯೋಜನೆಯನ್ನೂ ಕಂಪನಿ ಪ್ರಕಟಿಸಿತು. ನೋಂದಾಯಿಸಿಕೊಂಡವರಿಗಷ್ಟೇ ಅದು ಸಿಗುತ್ತದೆ.

ಅಪ್‌ಡೇಟ್ ನಿಂತರೇನಂತೆ, ಆಂಟಿವೈರಸ್ ಇದೆ, ಗೊತ್ತಿಲ್ಲದ ಲಿಂಕ್ ಒತ್ತದಿದ್ದರೆ ಸಾಕು ಎಂಬ ಧೈರ್ಯ ಇನ್ನೂ ಅಪಾಯದ್ದು. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹಬ್ಬಿದ ವಾನಾಕ್ರೈ ಎಂಬ ಕುತಂತ್ರಾಂಶಕ್ಕೆ ಯಾರೂ ಏನನ್ನೂ ಕ್ಲಿಕ್ ಮಾಡಬೇಕಿರಲಿಲ್ಲ. ವಿಂಡೋಸ್‌ನ ಫೈಲ್ ಹಂಚಿಕೆ ವ್ಯವಸ್ಥೆಯಲ್ಲಿದ್ದ ದೋಷವೊಂದನ್ನು ಹಿಡಿದು ಅದು ಯಂತ್ರದಿಂದ ಯಂತ್ರಕ್ಕೆ ತಾನೇ ದಾಟುತ್ತಿತ್ತು, ಫೈಲುಗಳಿಗೆ ಬೀಗ ಜಡಿದು ಹಣ ಕೇಳುತ್ತಿತ್ತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳನ್ನೇ ಮುಂದೂಡಬೇಕಾಯಿತು. ಆ ದೋಷವನ್ನು ಸರಿಪಡಿಸುವ ಅಪ್‌ಡೇಟ್ ಎರಡು ತಿಂಗಳ ಮೊದಲೇ, ಮಾರ್ಚ್‌ನಲ್ಲಿ, ಬಂದಿತ್ತು. ಬೆಂಬಲ ಮುಗಿದಿದ್ದ ವಿಂಡೋಸ್ ಎಕ್ಸ್‌ಪಿ ಬಳಕೆದಾರರೆಲ್ಲರಿಗೂ ಅದು ಸಿಕ್ಕಿದ್ದು ದಾಳಿ ನಡೆದ ಮೇಲೆ.

‘ಯಂತ್ರ ಹಳೆಯದು, ವಿಂಡೋಸ್ 11 ಹಿಡಿಯುವುದಿಲ್ಲ’ ಎಂಬ ತೀರ್ಮಾನ ಎಷ್ಟೋ ಸಲ ಅವಸರದ್ದು. ಅದಕ್ಕೆ ಬೇಕಾದದ್ದು 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಸೆಕ್ಯೂರ್ ಬೂಟ್ ಸೌಲಭ್ಯವುಳ್ಳ, ಬಯಾಸ್‌ನ ಹೊಸ ರೂಪವಾದ ಯುಇಎಫ್‌ಐ, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಮತ್ತು ಕಂಪನಿಯ ಪಟ್ಟಿಯಲ್ಲಿರುವ ಪ್ರೊಸೆಸರ್. ಟಿಪಿಎಂ ಇಲ್ಲವೆಂದು ತೋರಿಸುವ ಅನೇಕ ಡೆಸ್ಕ್‌ಟಾಪ್‌ಗಳಲ್ಲಿ ಅದು ಇದ್ದೇ ಇರುತ್ತದೆ, ಬಯಾಸ್‌ನಲ್ಲಿ ಆಫ್ ಆಗಿರುತ್ತದೆ ಅಷ್ಟೆ. ಇಂಟೆಲ್ ಬೋರ್ಡಿನಲ್ಲಿ ಪಿಟಿಟಿ, ಎಎಂಡಿ ಬೋರ್ಡಿನಲ್ಲಿ ಎಫ್‌ಟಿಪಿಎಂ ಎಂಬ ಹೆಸರು ಹುಡುಕಬೇಕು. ವಿಂಡೋಸ್ ಹಳೆಯ ಲೆಗಸಿ ಮೋಡ್‌ನಲ್ಲಿ ಇನ್‌ಸ್ಟಾಲ್ ಆಗಿದ್ದರೆ ಯುಇಎಫ್‌ಐಗೆ ಬದಲಿಸಿದೊಡನೆ ಬೂಟ್ ಆಗುವುದೇ ನಿಲ್ಲುತ್ತದೆ. ಡಿಸ್ಕ್ ಕೆಟ್ಟಿತೆಂದು ಫಾರ್ಮ್ಯಾಟ್ ಮಾಡಬೇಕಿಲ್ಲ. ಬಯಾಸ್‌ನಲ್ಲಿ ಮತ್ತೆ ಲೆಗಸಿಗೆ ತಂದರೆ ಮೊದಲಿನಂತಾಗುತ್ತದೆ. ಡಿಸ್ಕನ್ನು ಮೊದಲು ಯುಇಎಫ್‌ಐಗೆ ಬೇಕಾದ ಜಿಪಿಟಿ ವಿನ್ಯಾಸಕ್ಕೆ ಪರಿವರ್ತಿಸಿ, ಆಮೇಲೆ ಮೋಡ್ ಬದಲಿಸುವುದು ಸರಿಯಾದ ಕ್ರಮ. ಈ ಪರಿವರ್ತನೆಗೆ ಎಂಬಿಆರ್2ಜಿಪಿಟಿ ಎಂಬ ಸಾಧನ ವಿಂಡೋಸ್ 10ರಲ್ಲೇ ಇದೆ.

ಪ್ರೊಸೆಸರ್ ಮಾತ್ರ ಯಾವ ಸೆಟ್ಟಿಂಗಿಗೂ ಬಗ್ಗುವುದಿಲ್ಲ. ಇಂಟೆಲ್ ಕೋರ್ ಆದರೆ ಹೆಸರಿನಲ್ಲೇ ತಲೆಮಾರು ಇದೆ: ಐ5-7400 ಏಳನೆಯದು, ಐ5-8400 ಎಂಟನೆಯದು, ಐ5-10400 ಹತ್ತನೆಯದು. ಎಂಟನೆಯ ತಲೆಮಾರಿನಿಂದ ಈಚಿನವು ಪಟ್ಟಿಯಲ್ಲಿವೆ, ಏಳನೆಯದರಲ್ಲಿ ಬೆರಳೆಣಿಕೆಯಷ್ಟು. ಕೊರತೆ ಎಲ್ಲಿದೆ ಎಂಬುದನ್ನು ಮೈಕ್ರೋಸಾಫ್ಟ್‌ನದೇ ಪಿಸಿ ಹೆಲ್ತ್ ಚೆಕ್ ಎಂಬ ಉಚಿತ ಪ್ರೋಗ್ರಾಂ ಹೇಳುತ್ತದೆ. ಈ ತಪಾಸಣೆಯನ್ನೇ ದಾಟಿಸಿ ವಿಂಡೋಸ್ 11 ಹಾಕಿಕೊಡುವ ಉಪಾಯಗಳಿವೆ. ಹಾಗೆ ಹಾಕಿದ ಯಂತ್ರಕ್ಕೆ ಅಪ್‌ಡೇಟ್ ಬರುವ ಖಾತರಿ ಇಲ್ಲವೆಂದು ಕಂಪನಿ ಸ್ಪಷ್ಟವಾಗಿ ಹೇಳಿದೆ. ಅಪ್‌ಡೇಟ್‌ಗಾಗಿಯೇ ಅಪ್‌ಗ್ರೇಡ್ ಮಾಡುವವರಿಗೆ ಅದು ತಕ್ಕ ದಾರಿಯಲ್ಲ.

ವಿಂಡೋಸ್ 11 ಹಿಡಿಯದ ಯಂತ್ರಕ್ಕೆ ಉಬುಂಟು, ಲಿನಕ್ಸ್ ಮಿಂಟ್ ಮೊದಲಾದ ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆಗಳು ಉಚಿತವಾಗಿ ಸಿಗುತ್ತವೆ. ಲಿನಕ್ಸ್ ತಜ್ಞರಿಗಷ್ಟೇ ಎಂಬ ಮಾತು ಹಳತಾಯಿತು. ಹಾರ್ಡ್ ಡಿಸ್ಕ್ ಮುಟ್ಟದೆ ಪೆನ್‌ಡ್ರೈವ್‌ನಿಂದಲೇ ಓಡಿಸಿ ಪ್ರಿಂಟರ್, ವೈಫೈ ನಡೆಯುತ್ತವೆಯೇ ಎಂದು ನೋಡಬಹುದು; ಕನ್ನಡದ ‘ನುಡಿ’ ತಂತ್ರಾಂಶದ ಕೀಲಿಮಣೆ ವಿನ್ಯಾಸವೂ ಅದರಲ್ಲಿ ಸಿಗುತ್ತದೆ. ವಿಂಡೋಸ್‌ಗೆಂದೇ ಮಾಡಿದ ಪ್ರೋಗ್ರಾಂಗಳನ್ನು ನೆಚ್ಚಿಕೊಂಡ ಕಚೇರಿಗೆ ಇದು ಒಗ್ಗದು.

ಹೆಚ್ಚು ನಷ್ಟ ತರುವ ತಪ್ಪು ಕಲ್ಪನೆ ಬ್ಯಾಕಪ್ ಕುರಿತದ್ದು. ಸಿ ಡ್ರೈವ್‌ನಲ್ಲಿದ್ದುದನ್ನು ಡಿ ಡ್ರೈವ್‌ಗೆ ಹಾಕಿದರೆ ಸುರಕ್ಷಿತ ಎಂದು ಬಹಳ ಮಂದಿ ನಂಬಿದ್ದಾರೆ. ಸಾಮಾನ್ಯವಾಗಿ ಸಿ ಮತ್ತು ಡಿ ಒಂದೇ ಡಿಸ್ಕಿನ ಎರಡು ಪಾಲು. ಡಿಸ್ಕ್ ಕೆಟ್ಟರೆ ಎರಡೂ ಹೋಗುತ್ತವೆ. ಹಳೆಯ ಹಾರ್ಡ್ ಡಿಸ್ಕಿಗೆ ಅಪ್‌ಗ್ರೇಡ್ ಗಂಟೆಗಟ್ಟಲೆಯ ದುಡಿಮೆ, ಕೆಡುವ ಹಂತದಲ್ಲಿರುವ ಡಿಸ್ಕ್ ಆ ಹೊತ್ತಿಗೇ ಕೈಕೊಡಬಹುದು. ಪ್ರತಿ ಇರಬೇಕಾದದ್ದು ಹೊರಗಿನ ಡಿಸ್ಕಿನಲ್ಲಿ. ಅದನ್ನು ಬೇರೊಂದು ಕಂಪ್ಯೂಟರಿಗೆ ಜೋಡಿಸಿ ನಾಲ್ಕಾರು ಫೈಲುಗಳನ್ನು ತೆರೆದು ನೋಡಬೇಕು, ಬಳಿಕ ಕಳಚಿಡಬೇಕು. ಡಿಸ್ಕಿಗೆ ಬಿಟ್‌ಲಾಕರ್ ಎಂಬ ಗೂಢಲಿಪಿ ರಕ್ಷಣೆ ಇದ್ದರೆ ಅದರ 48 ಅಂಕಿಗಳ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕು. ಬಯಾಸ್‌ನಲ್ಲಿ ಟಿಪಿಎಂ ಬದಲಾದರೆ ಯಂತ್ರ ಅದನ್ನೇ ಕೇಳುತ್ತದೆ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಎಚ್ಚರಿಕೆ ಬೇಕು. ನುಡಿ, ಬರಹ ತಂತ್ರಾಂಶಗಳ ಯುನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಟೈಪಾದ ಕಡತಗಳು, ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕಿದ ಮೇಲೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲಾಗಿ ಕಾಣುತ್ತವೆ. ಕಡತ ಕೆಟ್ಟಿರುವುದಿಲ್ಲ, ಫಾಂಟ್ ಇಲ್ಲದಿರುತ್ತದೆ. ಬ್ಯಾಕಪ್‌ನಲ್ಲಿ ಆ ಫಾಂಟುಗಳೂ ಸೇರಿರಬೇಕು.

ಅಪ್‌ಗ್ರೇಡ್ ನಡುವೆ ಕರೆಂಟ್ ಹೋದರೆ ಮದರ್‌ಬೋರ್ಡೇ ಸತ್ತಂತೆ ಎಂಬುದು ಅತಿಶಯ. ವಿಂಡೋಸ್ ಸಾಮಾನ್ಯವಾಗಿ ಹಿಂದಿನ ಸ್ಥಿತಿಗೆ ಮರಳುತ್ತದೆ. ಬೋರ್ಡಿಗೆ ನಿಜವಾದ ಅಪಾಯವಿರುವುದು ಬಯಾಸ್ ಅಪ್‌ಡೇಟ್ ಮಧ್ಯೆ ಕರೆಂಟ್ ಹೋದಾಗ. ಎರಡಕ್ಕೂ ಯುಪಿಎಸ್ ಬೇಕು, ಅದರ ಬ್ಯಾಟರಿ ನಿಲ್ಲುತ್ತದೆಯೇ ಎಂದು ಪ್ಲಗ್ ಕಿತ್ತು ಮೊದಲೇ ನೋಡಿರಬೇಕು. ಹಾಗೆಯೇ ಬೋರ್ಡಿನ ಮೇಲೆ ನಾಣ್ಯದಂತಿರುವ ಸಿಆರ್2032 ಬ್ಯಾಟರಿಯನ್ನೂ ನೋಡಬೇಕು. ಅದು ಸತ್ತಿದ್ದರೆ ಪ್ಲಗ್ ತೆಗೆದಾಗಲೆಲ್ಲ ತಾರೀಖು ಹಿಂದಕ್ಕೆ ಹೋಗುತ್ತದೆ, ಡೌನ್‌ಲೋಡ್‌ಗಳು ವಿಫಲವಾಗುತ್ತವೆ, ಕಷ್ಟಪಟ್ಟು ಬದಲಿಸಿದ ಬಯಾಸ್ ಸೆಟ್ಟಿಂಗೂ ಅಳಿಸಿಹೋಗಬಹುದು.

ಒಮ್ಮೆ ವಿಂಡೋಸ್ 11ಕ್ಕೆ ಹೋದರೆ ಹಿಂತಿರುಗಲಾಗದು ಎಂಬುದೂ ನಿಜವಲ್ಲ. 10 ದಿನಗಳವರೆಗೆ ಸೆಟ್ಟಿಂಗ್ಸ್‌ನ ರಿಕವರಿಯಲ್ಲಿ ‘ಗೋ ಬ್ಯಾಕ್’ ಇರುತ್ತದೆ. ಹಳೆಯ ವಿಂಡೋಸ್ ಅಷ್ಟು ದಿನ ವಿಂಡೋಸ್.ಓಲ್ಡ್ ಎಂಬ ಫೋಲ್ಡರಿನಲ್ಲಿ ಉಳಿದಿರುತ್ತದೆ. ಪ್ರಿಂಟರ್, ಸ್ಕ್ಯಾನರ್, ಡಿಜಿಟಲ್ ಸಹಿಯ ಟೋಕನ್, ಲೆಕ್ಕಪತ್ರದ ಪ್ರೋಗ್ರಾಂ ಎಲ್ಲವನ್ನೂ ಆ ಅವಧಿಯಲ್ಲೇ ನಡೆಸಿ ನೋಡಬೇಕು. ಜಾಗ ಸಾಲದೆಂದು ಆ ಫೋಲ್ಡರ್ ಅಳಿಸಿದರೆ ಹತ್ತು ದಿನ ತುಂಬುವ ಮೊದಲೇ ಆ ದಾರಿ ಮುಚ್ಚುತ್ತದೆ.